ಮಲೆನಾಡಿನ ಶುದ್ಧ ಗಾಳಿಯಲ್ಲೂ ಕಣಗಳಿರುತ್ತವೆಯೇ? ಎಲ್ಲಿಂದ ಬರುತ್ತವೆ?

ಇರುತ್ತವೆ. ಅವು ಇಲ್ಲದಿದ್ದರೆ ಆಗುಂಬೆಗೆ ಮಳೆಯೇ ಬರುತ್ತಿರಲಿಲ್ಲ! ಮೋಡದ ಒಂದೊಂದು ಹನಿಯೂ ಯಾವುದೋ ಸಣ್ಣ ಕಣವನ್ನು ಹಿಡಿದುಕೊಂಡೇ ಹುಟ್ಟುವುದು. ಮಳೆಗಾಲದಲ್ಲಿ ಆ ಕಣ ಎಷ್ಟೋ ಸಲ ಅರಬ್ಬಿ ಸಮುದ್ರದ ಉಪ್ಪು. ಅಲೆ ಒಡೆದಾಗ ಸಿಡಿದ ಹನಿ ಒಣಗಿ, ಉಪ್ಪಿನ ಪುಡಿಯಾಗಿ, ಗಾಳಿಯ ಜೊತೆ ಘಟ್ಟ ಹತ್ತುತ್ತದೆ.

ಮಣ್ಣಿನ ಧೂಳು, ಹೂವಿನ ಪರಾಗ, ಅಣಬೆಯ ಬೀಜಕಣಗಳೂ ಸಹಜವಾದವೇ. ಕಾಡೂ ಸುಮ್ನೆ ಇರುವುದಿಲ್ಲ. ಮರಗಳು ಬಿಡುವ ಕೆಲವು ಅನಿಲಗಳು ಗಾಳಿಯಲ್ಲೇ ಬದಲಾಗಿ ಕಣಗಳಾಗುತ್ತವೆ.

ಮನುಷ್ಯರ ಪಾಲು? ಅಡಿಕೆ ಬೇಯಿಸುವ ಒಲೆ, ಬಚ್ಚಲ ಹಂಡೆಯ ಬೆಂಕಿ, ಸುಡುವ ಕಸ, ಶಿವಮೊಗ್ಗ ಪೇಟೆಯ ಡೀಸೆಲ್ ಗಾಡಿಗಳು. ಇಡೀ ಭೂಮಿಯ ಲೆಕ್ಕ ಹಿಡಿದರೆ ತೂಕದಲ್ಲಿ ಧೂಳು, ಉಪ್ಪೇ ಜಾಸ್ತಿ. ಆದರೆ ಹೊಗೆಯ ಕಣಗಳು ತೀರಾ ಸಣ್ಣವು, ಹೆಚ್ಚಿನವು 2.5 ಮೈಕ್ರಾನ್‌ಗಿಂತ ಕಡಿಮೆ. ತಲೆಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್, ಹೋಲಿಸಿ ನೋಡಿ. ಅದಕ್ಕೇ ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಚಳಿಗಾಲದ ಬೆಳಿಗ್ಗೆ ಒಲೆಯ ಹೊಗೆ ಮೇಲೇಳದೆ ತೋಟದ ಮೇಲೇ ಮಲಗಿರುತ್ತದೆ, ಅಲ್ವಾ? ಕೆಳಗೆ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕಿದಂತೆ ಕೂತಿರುತ್ತದೆ.