ಓದುಗರ ಪ್ರಶ್ನೆ: ಮಗ ಫೈಟ್ ಮಾಸ್ಟರ್ ಆಗುತ್ತೇನೆ ಎನ್ನುತ್ತಾನೆ

ಪ್ರಶ್ನೆ: ನನ್ನ ಮಗನಿಗೆ 19 ವರ್ಷ, ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ. ಚಿಕ್ಕಂದಿನಿಂದ ಕರಾಟೆ ಕಲಿತಿದ್ದಾನೆ. ಈಗ ಕಾಲೇಜು ಬಿಟ್ಟು ಹಿಂದಿ ಸಿನಿಮಾದಲ್ಲಿ ಫೈಟ್ ಮಾಸ್ಟರ್ ಆಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಅವನ ತಂದೆ ಅವನೊಡನೆ ಮಾತು ಬಿಟ್ಟಿದ್ದಾರೆ. ಇದರಲ್ಲಿ ಅನ್ನ ಹುಟ್ಟುತ್ತದೆಯೇ? ಜೀವಕ್ಕೆ ಅಪಾಯವಿಲ್ಲವೇ?
– ಓರ್ವ ತಾಯಿ, ಡೊಂಬಿವಿಲಿ

ಉತ್ತರ: ಅನ್ನ ಹುಟ್ಟುತ್ತದೆ, ಆದರೆ ಬಹಳ ತಡವಾಗಿ. ಯಾರೂ ನೇರವಾಗಿ ಫೈಟ್ ಮಾಸ್ಟರ್ ಆಗುವುದಿಲ್ಲ. ಮೊದಲು ಸ್ಟಂಟ್ ಕಲಾವಿದರ ಸಂಘದ ಸದಸ್ಯತ್ವ ಪಡೆದು ಗುಂಪಿನಲ್ಲಿ ಒಬ್ಬ ಫೈಟರ್ ಆಗಿ ಏಟು ತಿಂದು ಬೀಳಬೇಕು. ಆಮೇಲೆ ನಾಯಕನಿಗೆ ಡೂಪ್ ಆಗಬೇಕು, ಅಂದರೆ ಅಪಾಯದ ದೃಶ್ಯಗಳಲ್ಲಿ ಅವನ ಬದಲಿಗೆ ನಿಲ್ಲಬೇಕು. ಯಾರಾದರೂ ಮಾಸ್ಟರ್ ಕಣ್ಣಿಗೆ ಬಿದ್ದರೆ ಅವರಿಗೆ ಸಹಾಯಕನಾಗಿ ವರ್ಷಗಟ್ಟಲೆ ದುಡಿಯಬೇಕು. ಪಂಜಾಬಿನಿಂದ ಬಂದ ಶಾಮ್ ಕೌಶಲ್ 1980ರಲ್ಲಿ ಸ್ಟಂಟ್ ಕಲಾವಿದರಾಗಿ ಸೇರಿದವರು, ಸ್ವತಂತ್ರ ಸಾಹಸ ನಿರ್ದೇಶಕ, ಅಂದರೆ ಫೈಟ್ ಮಾಸ್ಟರ್, ಆದದ್ದು 1990ರಲ್ಲಿ. ಇಂದು ದೊಡ್ಡ ಹೆಸರಾಗಿರುವವರಿಗೇ ಹತ್ತು ವರ್ಷ ಹಿಡಿದಿದೆ ಎಂಬುದನ್ನು ನಿಮ್ಮ ಮಗನಿಗೆ ತಿಳಿಸಿ. ಸದಸ್ಯತ್ವದ ಶುಲ್ಕ ಮತ್ತು ಪರೀಕ್ಷೆಯ ವಿವರವನ್ನು ಸಂಘದ ಕಚೇರಿಯಲ್ಲೇ ಕೇಳಿ. ಅಂಧೇರಿಯ ಚಹಾ ಅಂಗಡಿಯಲ್ಲಿ ‘ಸದಸ್ಯತ್ವದ ಕಾರ್ಡ್ ಮಾಡಿಸಿಕೊಡುತ್ತೇನೆ’ ಎನ್ನುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕರಾಟೆಯ ಬಗ್ಗೆ ಒಂದು ಮಾತು. ಅಲ್ಲಿ ಎದುರಾಳಿಗೆ ತಾಗುವಂತೆ ಹೊಡೆಯುವುದನ್ನು ಕಲಿಸಿರುತ್ತಾರೆ, ಇಲ್ಲಿ ತಾಗದಂತೆ ಹೊಡೆಯಬೇಕು. ಕ್ಯಾಮೆರಾವನ್ನು ಒಬ್ಬನ ಭುಜದ ಹಿಂದೆ ಇಟ್ಟರೆ ಮುಷ್ಟಿಗೂ ದವಡೆಗೂ ನಡುವಿನ ಗೇಣುದ್ದದ ಅಂತರ ಕಾಣುವುದಿಲ್ಲ. ಏಟು ಬಿದ್ದಂತೆ ತೋರುವುದು ತಲೆ ತಿರುಗಿಸುವವನ ಸಮಯಪ್ರಜ್ಞೆಯಿಂದ. ಆದ್ದರಿಂದ ಈಜು, ಜಿಮ್ನಾಸ್ಟಿಕ್ಸ್, ಕುದುರೆ ಸವಾರಿ, ಬೈಕು ಮತ್ತು ಕಾರು ಚಾಲನೆ ಇವುಗಳ ಜೊತೆಗೆ ಯಾವ ಲೆನ್ಸ್ ದೂರವನ್ನು ಹೇಗೆ ಕುಗ್ಗಿಸುತ್ತದೆ ಎಂಬುದೂ ಅವನಿಗೆ ತಿಳಿಯಬೇಕಾಗುತ್ತದೆ.

ಅಪಾಯದ ಪ್ರಶ್ನೆಗೆ ನಾನು ಕಂಡದ್ದನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಗೋರೆಗಾಂವ್ ಚಿತ್ರನಗರಿಯಲ್ಲಿ ಮೂವತ್ತು ಅಡಿ ಎತ್ತರದ ಬಾಲ್ಕನಿಯಿಂದ ಒಬ್ಬ ಡೂಪ್ ಬೀಳುವ ದೃಶ್ಯಕ್ಕೆ ತಯಾರಿ ನಡೆದಿತ್ತು. ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಮೂರು ಸಾಲು ಪೇರಿಸಿ, ಗಾಳಿ ಹೊರಹೋಗಲೆಂದು ಮೂಲೆಗಳನ್ನು ಕತ್ತರಿಸಿ, ಸುತ್ತಲೂ ಹಗ್ಗ ಬಿಗಿದು, ಮೇಲೆ ಗಾದಿ ಹಾಸಿದ್ದರು. ಪೆಟ್ಟಿಗೆ ಕುಸಿಯುತ್ತಾ ಕುಸಿಯುತ್ತಾ ಬೀಳುವವನ ವೇಗವನ್ನು ತಾನು ಹೀರಿಕೊಳ್ಳುತ್ತದೆ, ಅಷ್ಟೇ ಇದರ ಗುಟ್ಟು. ಒಬ್ಬ ವಯಸ್ಸಾದ ಸಹಾಯಕ ಗಾದಿ ಸರಿಸಿ ಪ್ರತಿಯೊಂದು ಪೆಟ್ಟಿಗೆಯನ್ನೂ ಅಂಗೈಯಿಂದ ಒತ್ತಿ ನೋಡುತ್ತಾ ಬಂದವನು ಒಂದು ಕಡೆ ನಿಂತ. ಆ ಪೆಟ್ಟಿಗೆಯೊಳಗೆ ಯಾರೋ ಪ್ಲೈವುಡ್ ತುಂಡೊಂದನ್ನು ಬಿಟ್ಟಿದ್ದರು. ಮಾಸ್ಟರ್ ಏನೂ ಕೂಗಾಡಲಿಲ್ಲ; ಇಡೀ ರಾಶಿಯನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಮುಕ್ಕಾಲು ಗಂಟೆ ಹೋಯಿತು, ನಿರ್ಮಾಣ ವ್ಯವಸ್ಥಾಪಕರು ಗಡಿಯಾರ ನೋಡಿಕೊಳ್ಳುತ್ತಲೇ ಇದ್ದರು. ಆ ಹುಡುಗ ಬಿದ್ದದ್ದು ಎರಡು ಸೆಕೆಂಡು ಕೂಡ ಇರಲಾರದು. ಎರಡನೆಯ ಟೇಕ್‌ಗೆ ಮುನ್ನ ಕುಸಿದ ಪೆಟ್ಟಿಗೆಗಳನ್ನೆಲ್ಲ ತೆಗೆದು ಹೊಸವನ್ನು ಜೋಡಿಸಿದರು. ಫೈಟ್ ಮಾಸ್ಟರ್ ಎಂದರೆ ನನ್ನ ಮಟ್ಟಿಗೆ ಈ ಮುಕ್ಕಾಲು ಗಂಟೆಯ ಕೆಲಸ.

ಇಂತಹ ಎಚ್ಚರ ತಪ್ಪಿದಲ್ಲಿ ಏನಾಗುತ್ತದೆ ಎಂಬುದನ್ನು ನಮ್ಮ ನಾಡೇ ನೋಡಿದೆ. 2016ರ ನವೆಂಬರ್ 7ರಂದು ಬೆಂಗಳೂರು ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ಕಲಾವಿದರು, ಮೈಮೇಲೆ ಜೀವರಕ್ಷಕ ಜಾಕೆಟ್ ಇಲ್ಲದೆ, ಮುಳುಗಿ ತೀರಿಕೊಂಡರು. ಹಾಗೆಂದು ಸಣ್ಣ ದೃಶ್ಯಗಳಲ್ಲಿ ಅಪಾಯವಿಲ್ಲವೆಂದು ತಿಳಿಯಬಾರದು: 1982ರ ಜುಲೈ 26ರಂದು ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ಅಮಿತಾಭ್ ಬಚ್ಚನ್ ಅವರನ್ನು ಸಾವಿನ ಅಂಚಿಗೆ ಒಯ್ದದ್ದು ಸಾಮಾನ್ಯ ಹೊಡೆದಾಟದ ದೃಶ್ಯದಲ್ಲಿ ಹೊಟ್ಟೆಗೆ ಬಿದ್ದ ಪೆಟ್ಟು.

ನಿಮ್ಮ ಮಗ ಧೈರ್ಯಶಾಲಿಯೇ ಎಂದು ನಾನು ಕೇಳುವುದಿಲ್ಲ, ಆ ವಯಸ್ಸಿನಲ್ಲಿ ಎಲ್ಲರೂ ಧೈರ್ಯಶಾಲಿಗಳೇ. ಅಸಡ್ಡೆ ಕಂಡಾಗ ‘ಇವತ್ತು ಬೇಡ’ ಎಂದು ನಿರ್ಮಾಪಕರ ಮುಖಕ್ಕೆ ಹೇಳಬಲ್ಲನೇ? ಬಿ.ಕಾಂ. ಮುಗಿಸಲಿ. ಸಾಹಸ ದೃಶ್ಯದ ಖರ್ಚಿನ ಪಟ್ಟಿ ಬರೆಯುವುದೂ ಮಾಸ್ಟರ್ ಪಾಲಿನ ಕೆಲಸವೇ ಆದ್ದರಿಂದ ಆ ಓದು ವ್ಯರ್ಥವಾಗುವುದಿಲ್ಲ. ಇನ್ನು, ಮಾತು ಬಿಟ್ಟಿರುವ ತಂದೆಯವರಿಗೆ ಇಷ್ಟು ಹೇಳಬಹುದು: ಸಾಹಸ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಇದೆ, 2018ರ ಮತ್ತು 2019ರ ಸಾಲಿನಲ್ಲಿ ಅದು ಬಂದದ್ದು ಕನ್ನಡ ಚಿತ್ರಗಳಿಗೆ.

ಪ್ರಶ್ನೆ: ನಮ್ಮ ಉಡುಪಿ ಕಡೆಯವರೊಬ್ಬರು ಹಿಂದಿ ಚಿತ್ರಗಳಲ್ಲಿ ಫೈಟ್ ಮಾಸ್ಟರ್ ಆಗಿದ್ದರೆಂದು ಅಜ್ಜ ಹೇಳುತ್ತಿದ್ದರು. ಯಾರವರು?
– ಓದುಗ, ಮುಲುಂಡ್

ಉತ್ತರ: ಎಂ. ಬಿ. ಶೆಟ್ಟಿಯವರು. ನುಣುಪು ತಲೆಯ ಖಳನಾಗಿ ತೆರೆಯ ಮೇಲೆ ಕಂಡವರೂ ಅವರೇ. ಹೋಟೆಲಿನ ದುಡಿಮೆಗೆಂದು ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಸಾವಿರಾರು ಹುಡುಗರಂತೆಯೇ ಬಂದು, ಬಾಕ್ಸಿಂಗ್ ಕಲಿತು, ಅಲ್ಲಿಂದ ಚಿತ್ರರಂಗಕ್ಕೆ ಹೋದರು. 1982ರಲ್ಲಿ ತೀರಿಕೊಂಡರು. ಕಾರುಗಳನ್ನು ಗಾಳಿಯಲ್ಲಿ ಹಾರಿಸುವುದಕ್ಕೆ ಹೆಸರಾದ ನಿರ್ದೇಶಕ ರೋಹಿತ್ ಶೆಟ್ಟಿ, ಎಂ. ಬಿ. ಶೆಟ್ಟಿಯವರ ಮಗ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಈ ಕೆಲಸದಲ್ಲಿ ಜಾಗವಿದೆಯೇ?
– ಓದುಗರು, ಠಾಣೆ

ಉತ್ತರ: ಇದೆ, ಮತ್ತು ಅದು ಹಳೆಯ ಜಾಗ. ಸಾಹಸ ಚಿತ್ರಗಳ ನಟಿ ನಾಡಿಯಾ ಚಾಟಿ ಹಿಡಿದು ಪರದೆಗೆ ಬಂದದ್ದು 1935ರಲ್ಲಿ. 1975ರ ‘ಶೋಲೆ’ಯಲ್ಲಿ ಹೇಮಾಮಾಲಿನಿಯವರ ಟಾಂಗಾ ಓಡಿಸಿದ ಡೂಪ್ ರೇಷ್ಮಾ ಪಠಾಣ್. ಆದರೂ ಗಂಡಸರಿಗೆ ಸೀರೆ ಉಡಿಸಿ, ಸವರಿ ಕೂದಲು ಕಟ್ಟಿ ನಾಯಕಿಯ ಡೂಪ್ ಮಾಡಿಸುವ ಚಾಳಿ ಬಹುಕಾಲ ನಡೆಯಿತು. ಇನ್ನೊಂದು ತೊಡಕನ್ನು ಹೊರಗಿನವರು ಗಮನಿಸುವುದಿಲ್ಲ: ನಾಯಕನ ಡೂಪ್ ಕೋಟು-ಪ್ಯಾಂಟಿನೊಳಗೆ ಮೊಣಕಾಲು, ಮೊಣಕೈ, ಸೊಂಟಕ್ಕೆಲ್ಲ ಪ್ಯಾಡ್ ಕಟ್ಟಿಕೊಳ್ಳಬಹುದು, ನಾಯಕಿಯ ತೋಳಿಲ್ಲದ ರವಿಕೆಯೊಳಗೆ ಅದನ್ನು ಎಲ್ಲಿ ಬಚ್ಚಿಡುವುದು? ಅದೇ ಏಟನ್ನು ಆಕೆ ಬರಿಮೈಯಲ್ಲಿ ತಡೆದುಕೊಳ್ಳುತ್ತಾಳೆ.