ಹಳೇ ಪತ್ರಿಕೆಗಳಿಗೆ ಲ್ಯಾಮಿನೇಷನ್ ಬೇಡ, ಮೊದಲು ಒಣಗಿಸಿ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಹಳೇ ಪತ್ರಿಕೆಗಳ ಕಟ್ಟಿನ ಫೋಟೊವನ್ನು ನಮ್ಮ ಗುಂಪಿನಲ್ಲಿ ಹಾಕಿ ಮೂರು ವಿಷಯ ಕೇಳಿದ್ದೀರಿ ಸರ್. ಪುಟಗಳು ಕಂದಾಗಿ ಅಂಚು ಪುಡಿಯಾಗುತ್ತಿವೆ, ಲ್ಯಾಮಿನೇಷನ್ ಮಾಡಿಸಬಹುದೇ? ಪಿನ್ನು ತುಕ್ಕು ಹಿಡಿದಿವೆ, ತೆಗೆಯಬೇಕೇ? ಅಮೆರಿಕದ ಪಲ್ಪ್ ಪತ್ರಿಕೆಗಳು (ಅಗ್ಗದ ಕಾಗದದ ಕಥಾಪತ್ರಿಕೆಗಳು) ಅಸಲಿಯೇ? ಫೋಟೊದಲ್ಲಿ ಕಾಣುವಂತೆ ಏಳೆಂಟು ಪಲ್ಪ್ ಪತ್ರಿಕೆಗಳಿವೆ. ಉಳಿದದ್ದೆಲ್ಲ ಅರವತ್ತು, ಎಪ್ಪತ್ತರ ದಶಕದ ಕನ್ನಡ ವಾರಪತ್ರಿಕೆ ಮತ್ತು ಪಾಕೆಟ್ ಗಾತ್ರದ ಪತ್ತೇದಾರಿ ಕಾದಂಬರಿ. ಎರಡೂ ಬಗೆಗೆ ಸೇರಿಸಿ ಬರೆಯುತ್ತೇನೆ.

ಲ್ಯಾಮಿನೇಷನ್ ಬೇಡವೇ ಬೇಡ. ಅಂಗಡಿಯ ಯಂತ್ರ ಪ್ಲಾಸ್ಟಿಕ್ಕನ್ನು ಬಿಸಿಯಲ್ಲಿ ಕರಗಿಸಿ ಕಾಗದದ ನಾರಿಗೆ ಇಳಿಸುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಕಾಗದದೊಳಗಿನ ಹುಳಿ, ಅಂದರೆ ಆಮ್ಲ, ಒಳಗೇ ಉಳಿಯುತ್ತದೆ. ಪಲ್ಪ್ ಎಂಬ ಹೆಸರು ಬಂದದ್ದೇ ಕಾಗದದಿಂದ. ಮರವನ್ನು ಅರೆದು ತೆಗೆದ ಅಗ್ಗದ ತಿರುಳಿನಲ್ಲಿ ಲಿಗ್ನಿನ್ (ಮರದ ನಾರುಗಳನ್ನು ಹಿಡಿದಿಡುವ ವಸ್ತು) ಪೂರ್ತಿ ಉಳಿದಿರುತ್ತದೆ. ಗಾಳಿ ಬೆಳಕು ತಾಗಿದಂತೆ ಅದು ಕಂದಾಗಿ ಆಮ್ಲ ಬಿಡುತ್ತದೆ. ಕಾಗದ ತಯಾರಿಯಲ್ಲಿ ಹಾಕಿದ ಪಟಿಕದ ಆಮ್ಲವೂ ಅದಕ್ಕೆ ಸೇರುತ್ತದೆ. ಆಮ್ಲ ನಾರನ್ನು ತುಂಡು ಮಾಡುತ್ತಾ ಹೋಗುತ್ತದೆ, ಹಾಳೆ ಹಪ್ಪಳದಂತೆ ಮುರಿಯುತ್ತದೆ. ನಮ್ಮ ವಾರಪತ್ರಿಕೆಗಳ ನ್ಯೂಸ್‌ಪ್ರಿಂಟಿನ ಕಥೆಯೂ ಇದೇ. ಹೋದ ಬಲವನ್ನು ಮರಳಿ ತರಲು ಯಾವ ದ್ರಾವಣಕ್ಕೂ ಆಗದು. ಸವಕಳಿಯ ವೇಗ ತಗ್ಗಿಸುವುದು ಮಾತ್ರ ನಮ್ಮ ಕೈಯಲ್ಲಿದೆ, ಆದ್ದರಿಂದ ಬಿಡಿಸಲಾಗದ ಯಾವ ಕೆಲಸವನ್ನೂ ಮಾಡಬೇಡಿ. ಸೆಲೋಟೇಪ್, ಫೆವಿಕಾಲ್, ಬೈಂಡಿಂಗ್ ಅಂಗಡಿಯಲ್ಲಿ ಅಂಚು ಕತ್ತರಿಸುವುದು, ಎಲ್ಲವೂ ಅದೇ ಲೆಕ್ಕ. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಪ್ಲಾಸ್ಟಿಕ್ ಪಟ್ಟಿ ಕಳಚಿ ಬಿದ್ದರೂ ಕಲೆ ಹೋಗುವುದಿಲ್ಲ.

ಇವತ್ತೇ ಮಾಡಬೇಕಾದದ್ದು: ಈ ಕಟ್ಟನ್ನು ಮನೆಯ ಬೇರೆ ಪುಸ್ತಕಗಳ ಹತ್ತಿರ ತರಬೇಡಿ. ಬೇರೆ ಕೋಣೆಯಲ್ಲಿ ಬಿಳಿ ಹಾಳೆಯ ಮೇಲೆ ಒಂದೊಂದಾಗಿ ಹರಡಿ, ಫ್ಯಾನನ್ನು ಗೋಡೆ ಕಡೆಗೆ ತಿರುಗಿಸಿ ಸಣ್ಣಗೆ ಓಡಿಸಿ, ಮೂರು ನಾಲ್ಕು ದಿನ ನೆರಳಿನಲ್ಲೇ ಬಿಡಿ. ವಾಸನೆ ಹೋಗಲೆಂದು ತಾರಸಿಯ ಬಿಸಿಲಿಗೆ ಹಾಕುವವರೇ ಹೆಚ್ಚು. ನ್ಯೂಸ್‌ಪ್ರಿಂಟು ಒಂದೇ ದಿನದ ಬಿಸಿಲಿಗೆ ಹಳದಿಯಾಗುತ್ತದೆ, ಮುಖಪುಟದ ಕೆಂಪು ಬಣ್ಣ ಮಾಸುತ್ತದೆ. ನುಣುಪು ಮುಖಪುಟಗಳು ಒಂದಕ್ಕೊಂದು ಅಂಟಿದ್ದರೆ ಎಳೆಯಬೇಡಿ. ಆ ನುಣುಪಿಗೆ ಕಾರಣ ಮೇಲೆ ಬಳಿದ ಜೇಡಿಯ ಲೇಪ. ಒದ್ದೆಯಾಗಿ ಒಣಗಿದಾಗ ಅದು ಗೋಂದಿನಂತೆ ಹಿಡಿದುಕೊಳ್ಳುತ್ತದೆ, ಎಳೆದರೆ ಚಿತ್ರವೇ ಕಿತ್ತುಬರುತ್ತದೆ. ಅಂಥವನ್ನು ಹಾಗೇ ಪಕ್ಕಕ್ಕಿಡಿ. ಬೂಷ್ಟು ಇದ್ದರೆ ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ಒಣಗಿದ ಮೇಲೆ ಬಾಲ್ಕನಿಯಲ್ಲಿ ಎನ್-95 ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್ಷಿನಿಂದ ಹೊರಮುಖವಾಗಿ ಸವರಿ. ಒದ್ದೆ ಬೂಷ್ಟನ್ನು ಒರೆಸಿದರೆ ಅದು ನಾರಿನೊಳಗೆ ಇಳಿಯುತ್ತದೆ.

ಹುಳದ ಗುರುತು ನೋಡಿ. ದುಂಡನೆಯ ತೂತು, ಕೊಡವಿದರೆ ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ಜೀರುಂಡೆ ಜಾತಿಯ ಮರಿಹುಳ ಇನ್ನೂ ಇರಬಹುದು. ಮೇಲ್ಮೈ ಕೆರೆದಂತೆ ತೆಳುವಾಗಿದ್ದರೆ ಸಿಲ್ವರ್‌ಫಿಶ್. ಮಣ್ಣಿನ ಗೆರೆ ಕಂಡರೆ ಗೆದ್ದಲು. ಆ ಪ್ರತಿಯನ್ನು ಮನೆಯೊಳಗೆ ತರುವ ಮೊದಲೇ ಕೊಡವಬೇಕು. ಜೀವಂತ ಹುಳಕ್ಕೆ ಮದ್ದಿಗಿಂತ ಚಳಿ ಒಳ್ಳೆಯದು. ಚೆನ್ನಾಗಿ ಒಣಗಿದ ಪ್ರತಿಯನ್ನು ದಪ್ಪ ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಮೈನಸ್ 18 ಡಿಗ್ರಿಗೆ ಇಳಿಯುವ ಫ್ರೀಜರಿನಲ್ಲಿ ಎರಡು ವಾರ ಇಡಿ. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಪೆಟ್ಟಿಗೆ ಎಷ್ಟೋ ಸಲ ಅಷ್ಟು ತಣ್ಣಗಾಗುವುದಿಲ್ಲ, ಥರ್ಮಾಮೀಟರ್ ಇಟ್ಟು ನೋಡಿಕೊಳ್ಳಿ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಕಾಗದದ ಮೇಲೆ ನೀರು ಕೂರುತ್ತದೆ. ಅಂಟಿಕೊಂಡಿರುವ ಅಥವಾ ಒದ್ದೆ ಇರುವ ಪ್ರತಿಗೆ ಇದು ಬೇಡ. ನುಸಿಗುಳಿಗೆಯನ್ನು ಪೆಟ್ಟಿಗೆಯೊಳಗೆ ಹಾಕುವ ರೂಢಿ ಬಿಟ್ಟುಬಿಡಿ: ಅದರ ಆವಿ ಪ್ಲಾಸ್ಟಿಕ್ಕನ್ನು ಮೆದುವಾಗಿಸುತ್ತದೆ, ಉಸಿರಿಗೂ ಕೆಟ್ಟದ್ದು. ಬೇವಿನ ಎಲೆ ಇಡುವುದಾದರೆ ಗರಿಗರಿಯಾಗಿ ಒಣಗಿದ್ದನ್ನು ಬಟ್ಟೆ ಗಂಟಿನಲ್ಲಿ, ಕಾಗದಕ್ಕೆ ತಾಗದಂತೆ ಇಡಿ. ಹಸಿ ಎಲೆ ತೇವ ಕೊಟ್ಟು ಕಲೆ ಮಾಡುತ್ತದೆ.

ಪಿನ್ನಿನ ವಿಷಯಕ್ಕೆ ಬರೋಣ. ಕನ್ನಡ ವಾರಪತ್ರಿಕೆಗಳಿಗೆ ನಡುಮಡಿಕೆಯಲ್ಲಿ ಪಿನ್ನು ಹೊಡೆದಿರುತ್ತಾರೆ. ತುಕ್ಕು ಸುತ್ತಲಿನ ಕಾಗದ ತಿಂದು ತೂತು ದೊಡ್ಡದಾಗುತ್ತಿದ್ದರೆ ಮಾತ್ರ ತೆಗೆಯಿರಿ. ನಡುಪುಟ ಬಿಡಿಸಿ, ಪಿನ್ನಿನ ಕಾಲಿನ ಅಡಿಗೆ ತೆಳು ಪ್ಲಾಸ್ಟಿಕ್ ಚೂರು ಸೇರಿಸಿ, ಅದರ ಮೇಲೆ ಮೊಂಡು ಚಾಕುವಿನಿಂದ ಕಾಲನ್ನು ನೇರ ಮಾಡಿ, ಹೊರಗಡೆಯಿಂದ ಮೆಲ್ಲಗೆ ಎತ್ತಿ. ಸ್ಟೇಪಲ್ ಕೀಳುವ ಉಪಕರಣದಿಂದ ಎಳೆದರೆ ನಡುಹಾಳೆ ಹರಿಯುವುದು ಖಂಡಿತ. ಆಮೇಲೆ ಅದೇ ತೂತುಗಳಲ್ಲಿ ಬಿಳಿ ಹತ್ತಿ ಅಥವಾ ನಾರಗಸೆ (ಲಿನನ್) ದಾರ ಪೋಣಿಸಿ ಸಡಿಲವಾಗಿ ಗಂಟು ಹಾಕಿದರೆ ಸಾಕು. ಅಮೆರಿಕದ ಪಲ್ಪ್‌ಗಳ ಕಟ್ಟು ಬೇರೆ ಥರ: ಬೆನ್ನಿನ ಪಕ್ಕದಲ್ಲಿ ಅಡ್ಡಕ್ಕೆ ಪಿನ್ನು ಹೊಡೆದು, ಮೇಲೆ ಮುಖಪುಟವನ್ನು ಅಂಟಿಸಿರುತ್ತಾರೆ. ಆ ಪಿನ್ನಿಗೆ ಕೈ ಹಾಕಿದರೆ ಬೆನ್ನು ಒಡೆಯುತ್ತದೆ, ತುಕ್ಕು ಇದ್ದರೂ ಹಾಗೇ ಬಿಡಿ.

ಸಣ್ಣ ಹರುಕುಗಳನ್ನು ರಿಪೇರಿ ಮಾಡಲು ಹೋಗಬೇಡಿ, ಚೀಲ ಮತ್ತು ರಟ್ಟು ಹಿಡಿದುಕೊಳ್ಳುತ್ತವೆ. ತುಂಡು ಕಳಚಿ ಕಳೆದುಹೋಗುವಂತಿದ್ದರೆ ಜಪಾನಿ ಟಿಶ್ಯೂ (ತೆಳುವಾದ ಗಟ್ಟಿ ಕಾಗದ, ಚದರ ಮೀಟರಿಗೆ 5ರಿಂದ 10 ಗ್ರಾಂ ತೂಕದ್ದು) ಮತ್ತು ಗೋಧಿ ಪಿಷ್ಟದ ಅಂಟು ಬಳಸಿ. ಮೈದಾವನ್ನು ಹಾಗೇ ಕಾಯಿಸಿದರೆ ಅದರ ಜಿಗುಟು ಹುಳವನ್ನು ಕರೆಯುತ್ತದೆ. ಮೈದಾ ಕಣಕವನ್ನು ನೀರಿನಲ್ಲಿ ಹಿಂಡಿ ಹಿಂಡಿ ತೊಳೆದರೆ ಜಿಗುಟು ಕೈಯಲ್ಲಿ ಉಳಿಯುತ್ತದೆ, ಹಲ್ವಕ್ಕೆ ತೆಗೆಯುವ ಗೋಧಿಹಾಲಿನಂತೆ ತಳದಲ್ಲಿ ಪಿಷ್ಟ ಕೂರುತ್ತದೆ. ಮೇಲಿನ ನೀರು ಬಸಿದು, ಒಂದು ಪಾಲು ಪಿಷ್ಟಕ್ಕೆ ಐದು ಪಾಲು ಶುದ್ಧ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ 25 ನಿಮಿಷ ಕಾಯಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಎರಡು ಸಲ ಸೋಸಿ. ಫ್ರಿಜ್ಜಿನಲ್ಲಿ ನಾಲ್ಕು ದಿನ ಬರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಬೈಂಡರುಗಳು ಹುಳಕ್ಕೆಂದು ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದರ ತಾಮ್ರ ಕಾಗದವನ್ನು ಇನ್ನಷ್ಟು ಬೇಗ ಸುಡುತ್ತದೆ.

ಇಲ್ಲಿ ತಪ್ಪಾಗುವುದು ನೀರಿನಿಂದ. ಕಂದಿದ ನ್ಯೂಸ್‌ಪ್ರಿಂಟಿಗೆ ತೇವ ತಾಗಿದರೆ ಅದು ಹರಡಿ ನಿಂತ ಕಡೆ ಕಂದು ಗೆರೆ ಮೂಡುತ್ತದೆ, ಮತ್ತೆ ಹೋಗುವುದಿಲ್ಲ. ಆದ್ದರಿಂದ ಅಂಟನ್ನು ಟಿಶ್ಯೂ ಪಟ್ಟಿಗೆ ಹಚ್ಚಿ, ಪಟ್ಟಿಯನ್ನು ಬ್ಲಾಟಿಂಗ್ ಕಾಗದದ ಮೇಲೆ ಅರ್ಧ ನಿಮಿಷ ಇಟ್ಟು ತೇವ ಇಳಿಸಿ, ಆಮೇಲೆ ಹರುಕಿನ ಮೇಲೆ ಕೂರಿಸಿ. ಮೇಲೊಂದು ಬೇಕಿಂಗ್ ಪೇಪರ್, ಅದರ ಮೇಲೆ ಬ್ಲಾಟಿಂಗ್, ಆಮೇಲೆ ತೂಕ, ಒಂದು ರಾತ್ರಿ. ಮೊದಲು ಬೆಲೆಯಿಲ್ಲದ ಹಳೇ ಪೇಪರಿನ ಮೇಲೆ ಹತ್ತು ಸಲ ಅಭ್ಯಾಸ ಮಾಡಿ. ಬೂಷ್ಟು ಹಿಡಿದ, ಅಂಟಿಕೊಂಡ ಪ್ರತಿಗಳು ನಿಜಕ್ಕೂ ಅಪರೂಪದವಾದರೆ ಕೈ ಹಾಕದೆ ತಜ್ಞರಿಗೆ ತೋರಿಸಿ. ಬೆಂಗಳೂರಿನಲ್ಲೇ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ.

ಅಸಲಿಯೇ ಎಂಬ ಪ್ರಶ್ನೆ. ಪಲ್ಪ್‌ನ ಸಾಮಾನ್ಯ ಅಳತೆ 7 ಇಂಚು ಅಗಲ, 10 ಇಂಚು ಎತ್ತರ. ಮುಖಪುಟ ಒಳಹಾಳೆಗಿಂತ ಕೊಂಚ ದೊಡ್ಡದಾಗಿ ಚಾಚಿರುತ್ತದೆ, ಹರಿಯುವುದೂ ಅಲ್ಲೇ. ಮುಖಪುಟದ ಹರಿದ ಅಂಚನ್ನು ಕತ್ತರಿಸಿ ನೇರ ಮಾಡಿದ ಪ್ರತಿ ನೋಡಲು ಚೊಕ್ಕಟ, ಬೆಲೆ ಮಾತ್ರ ಬಿದ್ದುಹೋಗಿರುತ್ತದೆ. ಮುಖಪುಟ ನೋಡಿ ವರ್ಷ ಹೇಳಬೇಡಿ, ಪರಿವಿಡಿ ಪುಟದ ಅಡಿಯ ಸಂಪುಟ, ಸಂಚಿಕೆ, ಪ್ರಕಾಶಕರ ವಿಳಾಸ ಓದಿ. ವಿಯರ್ಡ್ ಟೇಲ್ಸ್ 1923ರ ಮಾರ್ಚಿನಲ್ಲಿ, ಅಮೇಜಿಂಗ್ ಸ್ಟೋರೀಸ್ 1926ರ ಏಪ್ರಿಲಿನಲ್ಲಿ, ಅಸ್ಟೌಂಡಿಂಗ್ 1930ರ ಜನವರಿಯಲ್ಲಿ ಶುರುವಾದವು. ಇಂಥ ಮೊದಲ ಸಂಚಿಕೆ ಬಿಳಿ ಹಾಳೆಯಲ್ಲಿ ಗರಿಗರಿಯಾಗಿ ಕಂಡರೆ ಅದು ಮರುಮುದ್ರಣ. ಸಾಮಾನ್ಯವಾಗಿ ಒಳಗೆಲ್ಲೋ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದಿರುತ್ತದೆ.

ಬೆಲೆ ಸೆಂಟಿನಲ್ಲಿದೆಯೋ ಶಿಲ್ಲಿಂಗಿನಲ್ಲಿದೆಯೋ ಎನ್ನುವುದು ನಮ್ಮೂರಿನಲ್ಲಿ ಮುಖ್ಯ. ಅಸ್ಟೌಂಡಿಂಗ್‌ಗೆ 1939ರಿಂದ 1963ರವರೆಗೆ ಲಂಡನ್ನಿನ ಅಟ್ಲಾಸ್ ಪ್ರಕಾಶನದ ಬ್ರಿಟಿಷ್ ಆವೃತ್ತಿ ಇತ್ತು. ಮುಖಪುಟದ ಚಿತ್ರ ಅದೇ ಆದರೂ ಒಳಗೆ ಕಥೆಗಳು ಕಡಿಮೆ. ಅದು ನಕಲಿಯಲ್ಲ, ಸಂಗ್ರಹಕ್ಕೆ ಯೋಗ್ಯವೇ. ಆದರೆ ಅಮೆರಿಕದ ಪ್ರತಿಯ ಬೆಲೆ ಕೊಡಬಾರದು. ಇನ್ನೊಂದು: ಇದೇ ಪತ್ರಿಕೆ 1942ರ ಜನವರಿಯಿಂದ ದೊಡ್ಡ ಹಾಳೆಗೆ ಹೋಗಿ, 1943ರ ಮೇನಲ್ಲಿ ಪಲ್ಪ್ ಗಾತ್ರಕ್ಕೆ ಮರಳಿ, ಅದೇ ನವೆಂಬರಿನಲ್ಲಿ ಚಿಕ್ಕ ಡೈಜೆಸ್ಟ್ ಗಾತ್ರಕ್ಕೆ ಇಳಿಯಿತು. ಒಂದೇ ಅಳತೆಯ ಚೀಲ ನೂರು ಕೊಂಡಿಟ್ಟರೆ ಅರ್ಧ ದಂಡ.

ಕನ್ನಡದ ಪ್ರತಿಗಳಲ್ಲಿ ನಕಲಿಯ ಭಯವಿಲ್ಲ, ಕೊರತೆಯ ಭಯವಿದೆ. ಸುಧಾ 1965ರಲ್ಲಿ, ಮಯೂರ 1968ರಲ್ಲಿ ಶುರುವಾದವು. ಆ ಕಾಲದ ಓದುಗರು ಧಾರಾವಾಹಿಯ ಪುಟಗಳನ್ನು ವಾರವಾರ ಕಿತ್ತು, ಕಂತೆಲ್ಲ ಮುಗಿದ ಮೇಲೆ ಹೊಲಿಸಿ ಪುಸ್ತಕ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಅಂಗಡಿಯಲ್ಲೇ ಕೂತು ಪುಟಸಂಖ್ಯೆ ಒಂದರಿಂದ ಕೊನೆಯವರೆಗೆ ಎಣಿಸಿ. ನಡುಪುಟದ ಬಣ್ಣದ ಚಿತ್ರ, ಸ್ಪರ್ಧೆಯ ಕೂಪನ್, ಹಿಂದಿನ ರಕ್ಷಾಪುಟ, ಈ ಮೂರು ಕಡೆ ವಿಶೇಷವಾಗಿ ನೋಡಿ. ಪದಬಂಧ ತುಂಬಿದ್ದರೆ ನಷ್ಟವೇನಿಲ್ಲ. ಕಿತ್ತು ಹೊಲಿಸಿದ ಧಾರಾವಾಹಿಯ ಕಟ್ಟು ಸಿಕ್ಕರೆ ಅದನ್ನೂ ಬಿಡಬೇಡಿ: ಪುಸ್ತಕರೂಪದಲ್ಲಿ ಬಿಟ್ಟುಹೋದ ಚಿತ್ರಗಳು ಅದರಲ್ಲಿ ಸಿಗಬಹುದು.

ಪತ್ತೇದಾರಿ ಕಾದಂಬರಿಗಳ ಬಗ್ಗೆ ಒಂದು ಮಾತು. ಎನ್. ನರಸಿಂಹಯ್ಯನವರು ಬರೆದ ನೂರಾರು ಪತ್ತೇದಾರಿ ಕಾದಂಬರಿಗಳಂಥವು ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಹೋಗಿ ಸವೆದವು. ಲೈಬ್ರರಿಯವರು ಗಟ್ಟಿಯಾಗಲೆಂದು ಬದಿಗೆ ಪಿನ್ನು ಹೊಡೆದು, ಬೆನ್ನಿಗೆ ಬಟ್ಟೆ ಅಂಟಿಸಿ, ಒಳಗೆ ಮೊಹರು ಒತ್ತಿರುತ್ತಾರೆ. ಮೊಹರು ಇರುವ ಪ್ರತಿ ಎಂದು ಹಿಂದಕ್ಕೆ ಇಡಬೇಡಿ. ಅಮೆರಿಕದ ಪಲ್ಪ್ ಒಂದು ಹಾಳಾದರೆ ಅದರ ಸ್ಕ್ಯಾನು ಇದೆ, ಇನ್ನೊಬ್ಬ ಸಂಗ್ರಾಹಕರ ಹತ್ತಿರ ಪ್ರತಿ ಇದೆ. ನಮ್ಮ ಪಾಕೆಟ್ ಕಾದಂಬರಿಗಳನ್ನು ಕೂಡಿಡಬೇಕೆಂದು ಅಂದು ಯಾರಿಗೂ ತೋಚಲಿಲ್ಲ. ಇವತ್ತಿಗೂ ಕೆಜಿ ಲೆಕ್ಕದಲ್ಲಿ ಹಳೇ ಪೇಪರ್ ಅಂಗಡಿಗೆ ಹೋಗುತ್ತಿವೆ. ನಿಮ್ಮ ಕಟ್ಟಿನಲ್ಲಿ ಮೊದಲು ಉಳಿಸಬೇಕಾದದ್ದು ಅವನ್ನೇ.

ಇನ್ನು ಇಡುವ ಬಗೆ. ಚೀಲ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರಿನದ್ದಾಗಿರಲಿ. ಮೂಗಿಗೆ ಘಾಟು ಹೊಡೆಯುವ ಮೆತ್ತನೆಯ ಪಿವಿಸಿ ಫೋಲ್ಡರ್ ಮುದ್ರಣದ ಮಸಿಯನ್ನು ಎಳೆದುಕೊಳ್ಳುತ್ತದೆ. ಪ್ರತಿಗಿಂತ ಎಲ್ಲ ಕಡೆ ಅರ್ಧ ಇಂಚು ದೊಡ್ಡದಿರಲಿ, ಬಾಯಿ ಅಂಟಿಸದೆ ಮಡಚಿ. ಹಿಂದೆ ಆಮ್ಲರಹಿತ ಬಿಳಿ ರಟ್ಟು ಇಡಿ. ಸುಲ್ತಾನ್‌ಪೇಟೆಯ ಕಾಗದದ ಅಂಗಡಿಗಳಲ್ಲಿ ಆರ್ಕೈವಲ್ ಬೋರ್ಡ್ ಎಂದು ಕೇಳಿ, ಪಿಎಚ್ ಪೆನ್ನು (ಆಮ್ಲ ಪತ್ತೆಮಾಡುವ ಪೆನ್ನು) ಜೊತೆಗಿರಲಿ: ರಟ್ಟಿನ ಮೂಲೆಗೆ ಗೀಚಿದಾಗ ನೇರಳೆಯಾದರೆ ಸರಿ, ಹಳದಿಯಾದರೆ ಬೇಡ. ಪತ್ರಿಕೆಯ ಮೇಲೆ ಮಾತ್ರ ಗೀಚಬೇಡಿ. ಬೂದುಬೆನ್ನಿನ ಡ್ಯೂಪ್ಲೆಕ್ಸ್ ರಟ್ಟು, ಖಾಕಿ ಕಾಗದ ಎರಡೂ ಹುಳಿ. ವಾರಪತ್ರಿಕೆಗಳನ್ನು ರಟ್ಟಿನ ಆಸರೆಯಲ್ಲಿ ನಿಲ್ಲಿಸಬಹುದು. ಪಲ್ಪ್ ದಪ್ಪ, ಬೆನ್ನು ದುರ್ಬಲ. ಮಲಗಿಸಿಯೇ ಇಡಿ, ಒಂದರ ಮೇಲೊಂದು ಎಂಟಕ್ಕಿಂತ ಹೆಚ್ಚು ಬೇಡ.

ಜಾಗ ಆರಿಸುವಾಗ ಅಟ್ಟ ಬೇಡ, ಬೇಸಿಗೆಯಲ್ಲಿ ಮನೆಯಲ್ಲೇ ಹೆಚ್ಚು ಬಿಸಿ ಅಲ್ಲಿ. ಸ್ನಾನದ ಮನೆಯ ಗೋಡೆಗೆ ತಾಗಿದ ಬೀರು ಬೇಡ. ಇನ್ನೂರು ಮುನ್ನೂರು ರೂಪಾಯಿಯ ತೇವಮಾಪಕ ಒಂದನ್ನು ಪೆಟ್ಟಿಗೆಯೊಳಗೇ ಇಡಿ. ಬೆಂಗಳೂರಿನಲ್ಲಿ ತೊಂದರೆ ಎರಡು ದಿಕ್ಕಿನದು: ಜೂನಿನಿಂದ ಅಕ್ಟೋಬರಿನವರೆಗೆ ತೇವ 80 ಶೇಕಡಾ ದಾಟುತ್ತದೆ, ಫೆಬ್ರುವರಿ, ಮಾರ್ಚಿನ ಮಧ್ಯಾಹ್ನ 30ರ ಹತ್ತಿರ ಇಳಿಯುತ್ತದೆ. 65 ದಾಟಿದರೆ ಬೂಷ್ಟು, 35ಕ್ಕಿಂತ ಇಳಿದರೆ ಹಾಳೆ ಮುಟ್ಟಿದರೆ ಮುರಿತ. 45ರಿಂದ 55ರ ನಡುವೆ ನಿಲ್ಲಲಿ. ಮಳೆಗಾಲದಲ್ಲಿ 40 ಲೀಟರಿನ ಮುಚ್ಚಳದ ಪೆಟ್ಟಿಗೆಗೆ ಕಾಲು ಕೆಜಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಹಾಕಿ. ಹಸಿರಾದಾಗ ಓವನ್ನಿನಲ್ಲಿ 110 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ಚಳಿ ಮುಗಿಯುತ್ತಿದ್ದಂತೆ ಜೆಲ್ ಹೊರಗೆ ತೆಗೆಯಿರಿ. ವರ್ಷವಿಡೀ ಬಿಟ್ಟು ಕಾಗದ ಒಣಗಿಸಿ ಮುರಿಯುವುದು ಇಲ್ಲಿ ಬಹಳ ಕಾಣುವ ತಪ್ಪು.

ಸ್ಕ್ಯಾನ್ ಮಾಡುವುದಾದರೆ ಫ್ಲಾಟ್‌ಬೆಡ್ ಮೇಲೆ ಬೋರಲು ಒತ್ತಬೇಡಿ. 90 ಡಿಗ್ರಿಗಿಂತ ಹೆಚ್ಚು ಬಿಡಿಸದೆ, ಎರಡು ಪುಸ್ತಕಗಳ ಆಸರೆ ಕೊಟ್ಟು, ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ಪುಟದ ಹಿಂದೆ ಕಪ್ಪು ಹಾಳೆ ಇಟ್ಟರೆ ಹಿಂಬದಿಯ ಅಕ್ಷರ ಮೂಡುವುದಿಲ್ಲ. ಕಡತ ನಿಮ್ಮಲ್ಲೇ ಇರಲಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುವುದರಿಂದ ಗುಂಪಿಗೆ ಪೂರ್ತಿ ಪಿಡಿಎಫ್ ಹಾಕಬೇಡಿ.

ಮೂರನೇ ಫೋಟೊದಲ್ಲಿ ಮೂಲೆಗೆ ಶಿಲ್ಲಿಂಗ್ ಬೆಲೆ ಕಂಡಂತಾಯಿತು. ಆ ಪ್ರತಿಯ ಪರಿವಿಡಿ ಪುಟ ಮತ್ತು ಬೆನ್ನಿನ ಫೋಟೊ ಹಾಕಿ. ಬೆನ್ನು ಒತ್ತಿ ಬಿಡಿಸದೆ, ಎಷ್ಟು ತೆರೆಯುತ್ತದೋ ಅಷ್ಟರಲ್ಲೇ ತೆಗೆಯಿರಿ, ನೋಡಿ ಹೇಳೋಣ.