ದೊಡ್ಡ ಬ್ಯಾಟರಿ ಬೇಡ, ಮೊದಲು ಅರ್ತ್ ವೈರ್ ಬಿಚ್ಚಿ ನೋಡಿ

ಹಳೇ ಕಾರು, ಹೊಸ ಬ್ಯಾಟರಿ ಹಾಕಿಸಿ ಎರಡು ತಿಂಗಳಾಗಿಲ್ಲ, ಬೆಳಿಗ್ಗೆ ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್) ಎತ್ತುತ್ತಿಲ್ಲ, 35 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯ) ತೆಗೆದು 45ರದ್ದು ಹಾಕಿಸಲಾ ಅಂತ ಕೇಳಿದ್ದೀರಿ. ಬೇಡ. ನಾನು ಅದನ್ನೇ ಮಾಡಿ ದುಡ್ಡು ಕಳೆದುಕೊಂಡೆ.

ನನ್ನದು 1999ರ ಮಾರುತಿ 800. ಮನೆ ಮೈಸೂರಿನ ಕುವೆಂಪುನಗರ, ಪಾಠ ಮಾಡುವ ಶಾಲೆ ನಾಲ್ಕೇ ಕಿಲೋಮೀಟರ್. ಭಾನುವಾರ ಮಾತ್ರ ಮಂಡ್ಯದ ಹತ್ತಿರ ನಮ್ಮೂರಿಗೆ ಹೋಗುತ್ತಿದ್ದೆ. ಒಂದು ಸಲ ಊರಲ್ಲಿ ಬೆಳಗಿನ ಜಾವ ಐದಕ್ಕೆ ಅಪ್ಪನನ್ನು ಕೂರಿಸಿಕೊಂಡು ಕೀ ತಿರುಗಿಸಿದೆ. ಮೈಸೂರಲ್ಲಿ ಅವರ ಕಣ್ಣಿನ ಆಪರೇಷನ್ ಇತ್ತು. ಸೆಲ್ಫ್ ಒಂದು ಸಲ ಗೊರ್ ಅಂತು, ಅಷ್ಟೇ. ಅಕ್ಕಪಕ್ಕದವರನ್ನು ಎಬ್ಬಿಸಿ ತಳ್ಳಿಸಿ ಹೊರಡುವಷ್ಟರಲ್ಲಿ ಹೊತ್ತಾಗಿತ್ತು. ಆಪರೇಷನ್ ಹತ್ತು ದಿನ ಮುಂದಕ್ಕೆ ಹೋಯಿತು. ಅಷ್ಟು ಹೊತ್ತಿಗೆ ಅದು ನಾನು ಹಾಕಿಸಿದ್ದ ಎರಡನೇ ಬ್ಯಾಟರಿ, ಅದೂ ದೊಡ್ಡದು.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ. ನನ್ನ ಹತ್ತಿರ ವೋಲ್ಟ್ ಅಳೆಯುವ ಮೀಟರ್ ಇತ್ತು. ಅಳೆದಿದ್ದೆ ಕೂಡ. 12.6 ವೋಲ್ಟ್, ಅಂದರೆ ಫುಲ್ ಚಾರ್ಜ್. ಆದರೆ ಅಳೆದದ್ದು ಗಾಡಿ ಸುಮ್ನೆ ನಿಂತಿದ್ದಾಗ. ಸೆಲ್ಫ್ ಹೊಡೆಯುವ ಆ ಎರಡು ಸೆಕೆಂಡಿನಲ್ಲಿ ಒಂದು ಸಲವೂ ಅಳೆಯಲಿಲ್ಲ. ನಿಂತಾಗ 12.6 ಇದ್ದೂ ಸೆಲ್ಫ್ ಎತ್ತದಿದ್ದರೆ ಬ್ಯಾಟರಿಯೇ ಲೋಡ್ ತಡೆಯುತ್ತಿಲ್ಲ ಅಂದರು ಅಂಗಡಿಯವರು. ನಾನೂ ನಂಬಿದೆ. ಚೆನ್ನಾಗಿದ್ದ ಬ್ಯಾಟರಿಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಬಂದೆ.

ಕೊನೆಗೆ ಮಂಡಿ ಮೊಹಲ್ಲಾದ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆ. ಅವರು ಮೀಟರ್‌ನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ಕಂಬಗಳಿಗೆ (ಟರ್ಮಿನಲ್) ಇಟ್ಟು, "ಮೇಷ್ಟ್ರೇ, ಸೆಲ್ಫ್ ಹೊಡೀರಿ" ಅಂದರು. ಎಂಜಿನ್ ಸರಿಯಾಗಿ ತಿರುಗುತ್ತಿಲ್ಲ, ಮೀಟರ್ ಮಾತ್ರ 11.4 ತೋರಿಸುತ್ತಿದೆ! ಬ್ಯಾಟರಿ ಸೋತಿದ್ದರೆ ಆಗ 9.5ಕ್ಕಿಂತ ಕೆಳಗೆ ಬೀಳಬೇಕಿತ್ತು. ಆಮೇಲೆ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್‌ನ ಬರಿ ಲೋಹಕ್ಕೆ ಇಟ್ಟು ಮತ್ತೆ ಹೊಡೆಸಿದರು. 2.1 ವೋಲ್ಟ್, ಅಂದರೆ ಅಷ್ಟು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಅಲ್ಲಿ 0.5ಕ್ಕಿಂತ ಜಾಸ್ತಿ ಬರಲೇಬಾರದು, 0.2ರ ಒಳಗಿದ್ದರೆ ಚೆನ್ನ.

ಗೇರ್‌ಬಾಕ್ಸ್‌ಗೆ ಬಿಗಿದಿದ್ದ ಅರ್ತ್ ವೈರಿನ (ಬ್ಯಾಟರಿಯ ನೆಗೆಟಿವ್‌ನಿಂದ ಬರುವ ದಪ್ಪ ವೈರ್) ತುದಿ ಮುಟ್ಟಿ ನೋಡಿ ಅಂದರು. ಬಿಸಿಯಾಗಿತ್ತು. ಬಿಚ್ಚಿದರೆ ಲಗ್ (ವೈರಿನ ತುದಿಯ ಲೋಹದ ಬಳೆ) ಕೆಳಗೆ ಹಸಿರು ಪುಡಿ, ಸಿಪ್ಪೆಯೊಳಗೆ ತಾಮ್ರದ ಎಳೆಗಳೆಲ್ಲ ಕಪ್ಪು. ಡೈನಮೋದ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಚಾರ್ಜೂ ಅದೇ ದಾರಿಯಲ್ಲಿ ತಿರುಗಿ ಬರಬೇಕು. ಹಾಗಾಗಿ ಲೈಟ್ ಹಾಕಿದಾಗ ಡೈನಮೋ ಹತ್ತಿರ 14.2 ಇದ್ದರೂ ಬ್ಯಾಟರಿಗೆ ಸಿಗುತ್ತಿದ್ದದ್ದು 13.5. ದಿನಾ ನಾಲ್ಕು ಕಿಲೋಮೀಟರ್ ಓಡಿಸಿದರೆ ಅದು ತುಂಬುವುದು ಯಾವಾಗ?

ಊರಿಗೆ ಹೋಗಿ ಹೇಳಿದಾಗ ಅಪ್ಪ ಒಂದೇ ಮಾತಲ್ಲಿ ಮುಗಿಸಿದರು: "ಕಟ್ಟೆ ತುಂಬೈತೆ, ನಾಲೆಲಿ ಹೂಳು." ಕೆಆರ್‌ಎಸ್‌ನಲ್ಲಿ ಪೂರ್ತಿ 124.80 ಅಡಿ ನೀರಿದ್ದರೂ ವಿಸಿ (ವಿಶ್ವೇಶ್ವರಯ್ಯ) ನಾಲೆಯ ಕೊನೇ ಗದ್ದೆ ಒಣಗುವುದನ್ನು ಅವರು ಕಂಡವರು. ಬ್ಯಾಟರಿ ಕಟ್ಟೆ, ವೈರ್ ನಾಲೆ. ನೀವು ಈಗ ಕಟ್ಟೆಯನ್ನು ಎತ್ತರಿಸಲು ಹೊರಟಿದ್ದೀರಿ.

ಅದಕ್ಕೇ ಮೊದಲು ಆ ಎಲೆಕ್ಟ್ರಿಷಿಯನ್ ಮಾಡಿದ ಈ ಎರಡು ಅಳತೆ ಮಾಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಮನೆಯವರೊಬ್ಬರು ಕೀ ತಿರುಗಿಸಲಿ. ಪಾಸಿಟಿವ್ ಕಡೆಯೂ ಹೀಗೇ, ಬ್ಯಾಟರಿ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟ್‌ವರೆಗೆ ನೋಡಿ. ವೈರ್ ಬಿಚ್ಚುವುದಾದರೆ ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ, ಕೊನೆಗೆ ಹಾಕಿ. ನನಗೆ ಹೊಸ ಅರ್ತ್ ವೈರ್ ಹಾಕಿ, ಗೇರ್‌ಬಾಕ್ಸ್‌ನ ಆ ಜಾಗವನ್ನು ಹೊಳೆಯುವ ತನಕ ಎಮರಿ ಪೇಪರಿನಲ್ಲಿ ಉಜ್ಜಿದ ಮೇಲೆ 2.1 ಇದ್ದದ್ದು 0.15ಕ್ಕೆ ಇಳಿಯಿತು.

ರಾತ್ರಿ 12.6 ಇದ್ದದ್ದು ಬೆಳಿಗ್ಗೆ 12.1 ಆಗಿದ್ದರೆ ಮಾತ್ರ ಅದು ಬೇರೆ ಕಾಯಿಲೆ. ಎಲ್ಲ ಆಫ್ ಇದ್ದಾಗಲೂ 50 ಮಿಲಿಆಂಪ್‌ಗಿಂತ ಜಾಸ್ತಿ ಎಳೆಯುತ್ತಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ಹುಡುಕಬೇಕು. ಆಮೇಲಿಂದ ಹಾಕಿಸಿದ ಸ್ಟೀರಿಯೋ ಇದ್ದರೆ ಅಲ್ಲಿಂದಲೇ ಶುರು ಮಾಡಿ.

ಸೆಲ್ಫ್ ಹೊಡೆಸುವಾಗ ಬಂದ ಎರಡೂ ಅಂಕಿ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಂಗಡಿ ಕಡೆ ಹೋಗಬೇಡಿ.